ಗುಳ್ಳೆ ಬಿಡಬಾರದು

ನಾನು ಓದು ನಿಲ್ಲಿಸಿದ್ದು ೨೦೦೧ರಲ್ಲಿ, ಎಂಟನೇ ತರಗತಿಯ ನಡುವೆ. ದಸರಾ ರಜೆ ಮುಗಿದಾಗ ಉಳಿದವರು ಶಾಲೆಗೆ ಹೋದರು, ನಾನು ಕಡಲಿಗೆ ಹೋದೆ. ಯಾರೂ ಬಿಡಿಸಿದ್ದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕಲಿಯದವನನ್ನು ಕಂಡರೆ ಜನರಿಗೆ ಅದರ ಹಿಂದೆ ಒಂದು ಕತೆ ಬೇಕಾಗುತ್ತದೆ. ಅಪ್ಪ ಕುಡಿಯುತ್ತಿದ್ದರೇ, ಮನೆಯಲ್ಲಿ ಊಟಕ್ಕಿರಲಿಲ್ಲವೇ ಎಂದು ಕೇಳುತ್ತಾರೆ. ಅಪ್ಪ ಕುಡಿಯುತ್ತಿರಲಿಲ್ಲ. ಊಟಕ್ಕಿತ್ತು, ಮೀನೂ ಇತ್ತು. ಆ ರಜೆಯಲ್ಲಿ ಮಾವನ ಜೊತೆ ಪಚ್ಚಿಲೆ ತೆಗೆಯಲು ಹೋಗಿ ನೀರಿನ ಅಡಿ ನೋಡಿಬಂದಿದ್ದೆ. ಅದನ್ನು ನೋಡಿದ ಮೇಲೆ ಬೆಂಚಿನಲ್ಲಿ ಕುಳಿತುಕೊಳ್ಳಲು ನನ್ನಿಂದ ಆಗಲಿಲ್ಲ.

ಪಚ್ಚಿಲೆ ಎಂದರೆ ಬಂಡೆಗೆ ಗೊಂಚಲು ಗೊಂಚಲಾಗಿ ಕಚ್ಚಿಕೊಂಡು ಬೆಳೆಯುವ ಹಸಿರು ಚಿಪ್ಪಿನ ಜೀವಿ. ಕಾಪುವಿನಲ್ಲಿ ಲೈಟ್‌ಹೌಸಿನ ಬುಡದ ಬಂಡೆಗಳಲ್ಲೂ ಸಿಗುತ್ತದೆ, ಆದರೆ ಅದು ಮಕ್ಕಳು ಹೆರೆದು ತರುವ ಮಾಲು. ಬೆರಳುದ್ದದ ಪಚ್ಚಿಲೆ ಬೇಕಿದ್ದರೆ ಕಡಲಿನೊಳಗಿನ ಪಾದೆಗೆ ಹೋಗಬೇಕು. ದೋಣಿಯಲ್ಲಿ ಅರ್ಧ ಗಂಟೆ ಹೋದರೆ ನೀರಿನಿಂದ ತಲೆ ಎತ್ತಿರುವ ಕರಿಬಂಡೆ ಅದು. ತಲೆ ಸಣ್ಣದು, ಮೈಯೆಲ್ಲ ನೀರಿನ ಕೆಳಗೆ. ಅಮ್ಮನ ಅಣ್ಣ, ಅಂದರೆ ನನ್ನ ಮಾವ, ಆ ಪಾದೆಯ ಮೈಯನ್ನು ತಮ್ಮ ಅಂಗಳದ ಹಾಗೆ ಬಲ್ಲವರಾಗಿದ್ದರು. ಅವರಿಗೆ ಮಕ್ಕಳಿರಲಿಲ್ಲ. ನಮ್ಮಲ್ಲಿ ಹಿಂದಿನ ಕಟ್ಟಿನ ಪ್ರಕಾರ ಮಾವನದ್ದೆಲ್ಲ ಅಳಿಯನಿಗೆ ಬರಬೇಕು. ಅವರ ಬಳಿ ಕೊಡಲು ಗದ್ದೆ ಇರಲಿಲ್ಲ, ದೋಣಿ ಕೂಡ ಬೇರೆಯವರದ್ದು. ಇದ್ದದ್ದು ಉಸಿರು.

ಆ ಉಸಿರಿನ ಪಾಠ ಹೀಗಿತ್ತು. ಸೊಂಟಕ್ಕೆ ಒಂದು ಹಗ್ಗ, ಅದರ ಇನ್ನೊಂದು ತುದಿ ದೋಣಿಯಲ್ಲಿ ಕೂತವನ ಕೈಯಲ್ಲಿ. ಒಂದು ಕೈಯಲ್ಲಿ ಉಳಿ, ಕುತ್ತಿಗೆಗೆ ಬಲೆಚೀಲ. ಎದೆ ತುಂಬ ಗಾಳಿ ಎಳೆದು ತುಟಿ ಮುಚ್ಚಿ ಇಳಿಯಬೇಕು. ಮತ್ತೆ ತಲೆ ನೀರಿನ ಮೇಲೆ ಬರುವ ತನಕ ತುಟಿ ತೆರೆಯಬಾರದು. ಗುಳ್ಳೆ ಬಿಡಬಾರದು. ಗುಳ್ಳೆ ಮೇಲೆ ಬಂತೆಂದರೆ ಕೆಳಗಿರುವವನು ಸೋತ ಎಂದು ಅರ್ಥ; ದೋಣಿಯವನು ಎರಡು ಮಾತಿಲ್ಲದೆ ಹಗ್ಗ ಎಳೆಯಬೇಕು. ಮೊದಲ ತಿಂಗಳುಗಳಲ್ಲಿ ನನ್ನನ್ನು ಎಷ್ಟೋ ಸಲ ಹಾಗೆ ಎಳೆದು ಹಾಕಿದ್ದಾರೆ. ಪ್ರತಿ ಸಲವೂ ಮಾವ, ಎಂತ ಮಾರಾಯ, ಅಡಿಯಲ್ಲಿ ಸೋಡಾ ಅಂಗಡಿ ಇಟ್ಟಿದ್ದೀಯಾ ಎಂದು ಕೇಳುತ್ತಿದ್ದರು. ಹಗ್ಗ ಹಿಡಿದವರು ನಗುತ್ತಿದ್ದರು. ನಾನು ಬಾಯಿ ಒರೆಸಿಕೊಂಡು ಮತ್ತೆ ಇಳಿಯುತ್ತಿದ್ದೆ. ಎರಡನೆಯ ವರ್ಷದಲ್ಲಿ ನನ್ನ ಗುಳ್ಳೆ ನಿಂತಿತು. ಮಾವನ ಗುಳ್ಳೆಯನ್ನು ಕಂಡವರು ಊರಿನಲ್ಲಿ ಯಾರೂ ಇರಲಿಲ್ಲ.

ಈ ವಿದ್ಯೆಗೆ ಇನ್ನೊಂದು ಕೆಲಸವೂ ಅಂಟಿಕೊಂಡಿತ್ತು. ಎಲ್ಲಾದರೂ ನೀರಿನಲ್ಲಿ ಹೋದವರ ಹೆಣ ಸಿಗದಿದ್ದರೆ ನಮ್ಮನ್ನು ಕರೆಯುತ್ತಿದ್ದರು. ಹೊಳೆ, ಕೆರೆ, ಕಲ್ಲಿನ ಕೋರೆ, ಎಲ್ಲಿಂದ ಕರೆ ಬಂದರೂ ಇಲ್ಲ ಎನ್ನುವ ಹಾಗಿಲ್ಲ, ಕೂಲಿ ಕೇಳುವ ಹಾಗೂ ಇಲ್ಲ. ಹೆಣ ಮೇಲೆ ಬಂದ ಮೇಲೆ ಅವರ ಕಡೆಯವರು ಕೊಡುವ ಬೊಂಡದ ಎಳನೀರು ಕುಡಿಯುವುದು, ಒಂದು ಹೊಸ ಬೈರಾಸ ತೆಗೆದುಕೊಳ್ಳುವುದು, ಹಿಂದೆ ತಿರುಗದೆ ಮನೆಗೆ ಬಂದು ಸ್ನಾನ ಮಾಡುವುದು. ಆ ಬೈರಾಸದಲ್ಲಿ ಮಾವ ಒಮ್ಮೆಯೂ ಮೈ ಒರೆಸಿಕೊಂಡದ್ದನ್ನು ನಾನು ನೋಡಿಲ್ಲ. ಮಡಚಿ ಟ್ರಂಕಿನಲ್ಲಿ ಇಡುತ್ತಿದ್ದರು.

ಇಪ್ಪತ್ತೆರಡನೆಯ ಪ್ರಾಯದಲ್ಲಿ ನಾನು ಅಂಡಮಾನಿಗೆ ಹೋದೆ. ಊರಿನ ಒಬ್ಬರು ಅಲ್ಲಿ ಬೋಟಿನಲ್ಲಿದ್ದರು, ಅವರು ಕರೆಸಿಕೊಂಡರು. ಪ್ರವಾಸಿಗರನ್ನು ಸಮುದ್ರದ ರಾಷ್ಟ್ರೀಯ ಉದ್ಯಾನಕ್ಕೆ ಕರೆದುಕೊಂಡು ಹೋಗುವ ಬೋಟು. ಕಡಲಿಗೂ ಉದ್ಯಾನ ಉಂಟು, ಅದಕ್ಕೂ ಕಾವಲುಗಾರರಿದ್ದಾರೆ ಎಂಬುದು ನನಗೆ ಅಲ್ಲಿಯೇ ಗೊತ್ತಾದದ್ದು. ಅಲ್ಲಿ ಏನನ್ನೂ ಮುಟ್ಟುವ ಹಾಗಿಲ್ಲ. ಸತ್ತ ಚಿಪ್ಪನ್ನು ಕೂಡ ತರುವ ಹಾಗಿಲ್ಲ. ಜೆಟ್ಟಿಯಲ್ಲಿ ಚೀಲ ಬಿಚ್ಚಿಸಿ ನೋಡುತ್ತಿದ್ದರು. ಬಂಡೆಯಿಂದ ಕಿತ್ತು ತರುವುದನ್ನೇ ಕಲಿತವನಿಗೆ ಕೈಯನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಎದೆಯ ಮೇಲೆ ಕಟ್ಟಿಕೊಂಡು ಈಜುತ್ತಿದ್ದೆ.

ನೀರು ನಮ್ಮ ಕಡೆಯದ್ದರ ಹಾಗೆ ಕದಡಿದ್ದಲ್ಲ. ಮುಖಕ್ಕೆ ಮಾಸ್ಕ್ ಹಾಕಿ ಬಾಯಲ್ಲಿ ಕೊಳವೆ ಇಟ್ಟುಕೊಂಡು ಮೇಲೆ ಮಲಗಿದರೆ ಸಾಕು, ಕೆಳಗೆ ಪೂರ್ತಿ ಕಾಣುತ್ತದೆ. ಹವಳದ ಪೊದೆಗಳು, ಅದನ್ನು ಕಟಕಟ ಎಂದು ಕಡಿಯುವ ಗಿಳಿಮೂತಿಯ ಮೀನುಗಳು. ಆ ಕಡಿಯುವ ಸದ್ದು ನೀರಿನಲ್ಲಿ ಕೇಳುತ್ತದೆ, ಯಾರೋ ಕಲ್ಲುಸಕ್ಕರೆ ತಿಂದ ಹಾಗೆ. ನಾನಿದ್ದ ಕೊನೆಯ ಬೇಸಗೆಯಲ್ಲಿ ನೀರು ಬಿಸಿಯಾಗಿ ಆ ಹವಳವೆಲ್ಲ ಬಿಳಿಚಿಕೊಂಡಿತು. ಸುಣ್ಣ ಹೊಡೆದ ಹಾಗೆ ಬಿಳಿ. ಬಂದವರು ಎಷ್ಟು ಚೆಂದ ಎಂದು ಫೋಟೋ ತೆಗೆಸಿಕೊಂಡರು. ಅದು ಸಾಯುತ್ತಿದೆ ಎಂದು ನಾವು ಬೋಟಿನವರು ಹೇಳಬಾರದಾಗಿತ್ತು. ಬಂದವರ ಸಂತೋಷ ಹಾಳಾಗುತ್ತದಂತೆ.

ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನು ನನಗೆ ಅಲ್ಲಿ ಕಲಿಸಿದ್ದು ಒಬ್ಬ ತಮಿಳು ಹೆಂಗಸು. ನನಗಿಂತ ಸಣ್ಣ ಪ್ರಾಯ, ಗಟ್ಟಿ ದನಿ. ಮೊದಲ ಸಲ ಅವಳು ನೀರಿನಡಿ ಹೋದಾಗ ಮೇಲೆ ಬರುತ್ತಿದ್ದ ಗುಳ್ಳೆಗಳನ್ನು ಕಂಡು ನನ್ನ ಕೈ ತಾನಾಗಿಯೇ ಹಗ್ಗ ಹುಡುಕಿತ್ತು. ನಾನು ಇಳಿದರೆ ಅರ್ಧ ಸಿಲಿಂಡರ್ ಹಾಗೆಯೇ ಉಳಿಸಿಕೊಂಡು ಬರುತ್ತಿದ್ದೆ, ಉಳಿದವರದ್ದು ಖಾಲಿಯಾಗಿರುತ್ತಿತ್ತು. ಅದು ನನಗೆ ದೊಡ್ಡ ಹೆಮ್ಮೆ. ಅವಳಿಗೆ ಅದರಿಂದಲೇ ಸಿಟ್ಟು. ನೀರಿನಡಿ ನನ್ನ ಮಾಸ್ಕಿನ ಗಾಜಿಗೆ ಬೆರಳಿನಿಂದ ಕುಟ್ಟಿ ಉಸಿರಾಡು, ಉಸಿರಾಡು ಎಂದು ಸನ್ನೆ ಮಾಡುತ್ತಿದ್ದಳು. ಮೇಲೆ ಬಂದು ಹಿಂದಿಯಲ್ಲಿ ಬೈಯುತ್ತಿದ್ದಳು. ಸಿಲಿಂಡರಿನ ಗಾಳಿಯನ್ನು ಆಳದಲ್ಲಿ ಎಳೆದುಕೊಂಡರೆ ಅದು ಒತ್ತಿ ತುಂಬಿದ ಗಾಳಿ, ಮೇಲೆ ಬರುವಾಗ ಹಿಗ್ಗುತ್ತದೆ, ಬಾಯಿ ಮುಚ್ಚಿಕೊಂಡು ಬಂದರೆ ಎದೆ ಒಡೆಯುತ್ತದೆ. ದೋಣಿಯ ಮೇಲಿನ ಗಾಳಿ ಎಳೆದು ಇಳಿಯುವವನಿಗೆ ಈ ಭಯ ಇಲ್ಲ, ಅವನ ಗಾಳಿ ಕೆಳಗೆ ಕುಗ್ಗಿ ಮೇಲೆ ಮೊದಲಿನಷ್ಟೇ ಆಗುತ್ತದೆ. ನಿನ್ನ ಹಳೆಯ ವಿದ್ಯೆ ಇಲ್ಲಿ ನಡೆಯುವುದಿಲ್ಲ, ಅದನ್ನು ಮರೆ ಎನ್ನುತ್ತಿದ್ದಳು.

ನಾನು ಪರೀಕ್ಷೆ ಕಟ್ಟಿದೆ. ಪಾಸಾದೆ. ಎಂಟನೆಯ ತರಗತಿ ಬಿಟ್ಟವನು ಇಂಗ್ಲಿಷಿನ ಪ್ರಶ್ನೆಗಳನ್ನು ಇನ್ನೊಬ್ಬರಿಂದ ಓದಿಸಿಕೊಂಡು ಉತ್ತರ ಬರೆದೆ. ಎದೆ ಒಡೆಯುವ ಪಾಠ ಬಾಯಿಪಾಠ ಬರುತ್ತಿತ್ತು.

ಊರಿಗೆ ಮರಳಿದ್ದು ಅಮ್ಮನಿಗೆ ಹುಷಾರಿಲ್ಲದಾಗ. ಅಷ್ಟು ಹೊತ್ತಿಗೆ ಕಾಪುವಿನಲ್ಲೂ ಸ್ಕೂಬಾ ಕಂಪೆನಿ ಶುರುವಾಗಿತ್ತು, ನಮ್ಮದೇ ಪಾದೆಗೆ ಜನರನ್ನು ಕರೆದುಕೊಂಡು ಹೋಗುತ್ತಿದ್ದರು. ಪಾದೆ ಗೊತ್ತಿದ್ದು ಕೈಯಲ್ಲಿ ಸರ್ಟಿಫಿಕೇಟೂ ಇದ್ದವನು ನಾನೊಬ್ಬನೇ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲಿನ ನಾಲ್ಕೈದು ತಿಂಗಳು ಕೆಲಸ. ಮಣಿಪಾಲದ ಕಾಲೇಜಿನವರು, ಗಲ್ಫಿನಿಂದ ರಜೆಗೆ ಬಂದವರು, ಮೈಸೂರು ಹುಬ್ಬಳ್ಳಿಯ ಕಡೆಯವರು, ಎಲ್ಲರೂ ಬರುತ್ತಿದ್ದರು. ಬಂದವರಿಗೆಲ್ಲ ದೋಣಿಯಲ್ಲಿ ನಾನು ಹೇಳುತ್ತಿದ್ದ ಮೊದಲ ಮಾತು ಉಸಿರು ಹಿಡಿಯಬೇಡಿ ಎಂದು. ಕೊನೆಯ ಮಾತೂ ಅದೇ.

ಮಾವ ಆಗಲೂ ಪಚ್ಚಿಲೆಗೆ ಇಳಿಯುತ್ತಿದ್ದರು. ನಮ್ಮ ದೋಣಿ ಪಾದೆಯ ಪಡುವಣ ಬದಿಯಲ್ಲಿ, ಅವರದ್ದು ಮೂಡಣ ಬದಿಯಲ್ಲಿ. ಬೆನ್ನಿಗೆ ಅಡುಗೆ ಗ್ಯಾಸ್ ಕಟ್ಟಿಕೊಂಡು ಹೋದರೆ ನನ್ನ ಅಜ್ಜಿಯೂ ಮುಳುಗುತ್ತಾಳೆ ಎಂದು ದೋಣಿಯಿಂದ ದೋಣಿಗೆ ಕೇಳುವ ಹಾಗೆ ಹೇಳುತ್ತಿದ್ದರು. ಆದರೆ ಊರಿನಲ್ಲಿ ಯಾರಾದರೂ ಅಳಿಯ ಎಂತ ಮಾಡುತ್ತಾನೆ ಎಂದು ಕೇಳಿದರೆ, ಅವನು ನೀರಿನಡಿಯ ಮಾಸ್ಟ್ರು ಎನ್ನುತ್ತಿದ್ದರಂತೆ. ಇದನ್ನು ಹೇಳಿದ್ದು ನನ್ನ ಹೆಂಡತಿ. ನನ್ನ ಎದುರು ಅವರು ಹಾಗೆ ಹೇಳಿದ್ದಿಲ್ಲ.

ಆ ದಿನ ಬಂದವರು ಬೆಳ್ಮಣ್ ಕಡೆಯ ಒಬ್ಬರು, ಗಲ್ಫಿನಲ್ಲಿದ್ದವರು, ದೊಡ್ಡ ಮೈ. ಹೆಂಡತಿ ಮಕ್ಕಳು ದೋಣಿಯಲ್ಲಿ ಕೂತು ವಿಡಿಯೋ ತೆಗೆಯುತ್ತಿದ್ದರು. ನಾನು ಅವರ ಸಿಲಿಂಡರನ್ನು ಹಿಂದಿನಿಂದ ಹಿಡಿದುಕೊಂಡು ಒಂಬತ್ತು ಮೀಟರಿಗೆ ಇಳಿಸಿದೆ. ಅಲ್ಲಿಯವರೆಗೆ ಚೆನ್ನಾಗಿಯೇ ಇದ್ದರು. ಪಾದೆಯ ಸಂದಿನಿಂದ ಒಂದು ಹಾವುಮೀನು ತಲೆ ಹೊರಹಾಕಿ ಬಾಯಿ ತೆರೆದು ಮುಚ್ಚಿತು. ಅದು ಅದರ ಉಸಿರಾಟ, ಯಾರಿಗೂ ಏನೂ ಮಾಡುವುದಿಲ್ಲ. ಅವರಿಗೆ ಅದು ತಮ್ಮನ್ನು ಕಚ್ಚಲು ಬಂದ ಹಾಗೆ ಕಂಡಿರಬೇಕು. ತಿರುಗಿ ನನ್ನನ್ನು ತಬ್ಬಿಕೊಂಡರು, ಕಾಲು ಬಡಿದರು, ನನ್ನ ಮಾಸ್ಕ್ ಎಳೆದರು, ನನ್ನ ಬಾಯಿಯಿಂದ ಸಿಲಿಂಡರಿನ ಗಾಳಿಯ ಕೊಳವೆ ಎಳೆದರು. ಕಣ್ಣಿಗೆ ಮೂಗಿಗೆ ಉಪ್ಪುನೀರು.

ನನ್ನ ಎದೆಯ ಪಟ್ಟಿಯಲ್ಲಿಯೇ ಇನ್ನೊಂದು ಕೊಳವೆ ತೂಗುತ್ತಿತ್ತು. ಕೈ ಹಾಕಿದರೆ ಸಿಗುತ್ತಿತ್ತು. ಆದರೆ ಆ ಗಳಿಗೆಯಲ್ಲಿ ನಾನು ಸಿಲಿಂಡರಿನವನಾಗಿ ಉಳಿದಿರಲಿಲ್ಲ. ಕೊಳವೆ ಹೋಗುವ ಮೊದಲು ಎದೆ ತುಂಬ ಗಾಳಿ ಎಳೆದಿದ್ದೆ. ತುಟಿ ತಾನೇ ಬಿಗಿದುಕೊಂಡಿತು. ಒಂಬತ್ತು ಮೀಟರ್ ನನಗೆ ಎಂತ ಲೆಕ್ಕ, ಅದರ ಎರಡರಷ್ಟು ಆಳದಿಂದ ಉಳಿಯೂ ಪಚ್ಚಿಲೆಯೂ ಹಿಡಿದುಕೊಂಡು ಎದ್ದು ಬಂದವನು. ಅವರನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕಾಲು ಹೊಡೆದೆ. ಒಂದು ಗುಳ್ಳೆಯನ್ನೂ ಬಿಡಲಿಲ್ಲ. ಅವರ ಬಾಯಿಯಲ್ಲಿ ಕೊಳವೆ ಇತ್ತು, ಅದರೊಳಗೇ ಮೇಲಿನವರೆಗೂ ಕಿರುಚುತ್ತ ಬಂದರು. ಕಿರುಚಿದ್ದರಿಂದ ಅವರ ಎದೆಯ ಗಾಳಿ ಹೊರಗೆ ಹೋಯಿತು. ಅವರಿಗೆ ಏನೂ ಆಗಲಿಲ್ಲ.

ಮೇಲೆ ಬಂದು ದೋಣಿಯ ಅಂಚು ಹಿಡಿದಾಗ ಬಲ ಎದೆಯೊಳಗೆ ಹಳೆಯ ಬಟ್ಟೆ ಹರಿದ ಹಾಗಾಯಿತು. ಕೆಮ್ಮಿದೆ, ಅಂಗೈಯಲ್ಲಿ ಕೆಂಪು ನೊರೆ. ಅವರನ್ನು ಮೊದಲು ಹತ್ತಿಸಿ ಎಂದು ಹೇಳಲು ಹೋದೆ, ನನ್ನ ದನಿ ತಗಡಿನ ಡಬ್ಬದೊಳಗಿಂದ ಬಂದ ಹಾಗಿತ್ತು. ಕುತ್ತಿಗೆಯನ್ನು ಮುಟ್ಟಿಕೊಂಡರೆ ಚರ್ಮದ ಕೆಳಗೆ ಚುರುಮುರಿ ಹಿಸುಕಿದಂತೆ ಚುರುಚುರು ಎನ್ನುತ್ತಿತ್ತು. ಅಷ್ಟರಲ್ಲೇ ನನಗೆ ಪರೀಕ್ಷೆಯ ಪಾಠ ನೆನಪಾಯಿತು. ಎಲ್ಲ ಸಾಲುಗಳೂ ನೆನಪಾದವು.

ಕಂಪೆನಿಯವರು ಕಾರಿನಲ್ಲಿ ಮಣಿಪಾಲಕ್ಕೆ ಕರೆದುಕೊಂಡು ಹೋದರು. ಕಟಪಾಡಿ ದಾಟಿದ್ದು ಗೊತ್ತು, ಉಡುಪಿ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಪಕ್ಕೆಗೆ ತೂತು ಮಾಡಿ ಒಂದು ನಳಿಗೆ ಹಾಕಿದರು. ಅದರ ಇನ್ನೊಂದು ತುದಿ ಮಂಚದ ಕೆಳಗೆ ನೀರು ತುಂಬಿದ ಒಂದು ಬಾಟ್ಲಿಯಲ್ಲಿ ಮುಳುಗಿತ್ತು. ಒಡೆದ ಶ್ವಾಸಕೋಶದಿಂದ ಎದೆಯೊಳಗೆ ಸೋರಿದ ಗಾಳಿ ಅದರ ಮೂಲಕ ಹೊರಗೆ ಹೋಗಬೇಕು. ನಾನು ಕೆಮ್ಮಿದಾಗಲೆಲ್ಲ ಬಾಟ್ಲಿಯಲ್ಲಿ ಗುಳ್ಳೆ ಏಳುತ್ತಿತ್ತು.

ಮಾವ ಮರುದಿನ ಬಂದರು. ಇಸ್ತ್ರಿ ಹಾಕಿದ ಅಂಗಿ ಹಾಕಿದ್ದರು, ಮದುವೆಗೆ ಹೋಗುವವರ ಹಾಗೆ. ನನ್ನ ಮುಖ ನೋಡಲಿಲ್ಲ. ಸ್ಟೂಲ್ ಎಳೆದುಕೊಂಡು ಬಾಟ್ಲಿಯ ಎದುರು ಕುಳಿತರು. ನಾನು ಕೆಮ್ಮಿದೆ. ಗುಳ್ಳೆ ಎದ್ದಿತು.

“ಇದು ನಿನ್ನದಾ?” ಎಂದು ಕೇಳಿದರು.

ಹೌದು ಎಂದೆ. ಅವರು ಮಧ್ಯಾಹ್ನದ ತನಕ ಹಾಗೆಯೇ ಕೂತರು. ಗುಳ್ಳೆ ಎದ್ದಾಗಲೆಲ್ಲ ಅವರ ಬಲಗೈ ಮಂಡಿಯ ಮೇಲೆ ಮುಷ್ಟಿಯಾಗುವುದನ್ನು ನೋಡುತ್ತಿದ್ದೆ. ಹಗ್ಗ ಹಿಡಿಯುವ ಕೈ ಅದು.

ಬೆಳ್ಮಣ್‌ನವರೂ ಬಂದಿದ್ದರು, ಒಂದು ಪೊಟ್ಟಣ ಖರ್ಜೂರ ಹಿಡಿದುಕೊಂಡು. ಆ ಹಾವುಮೀನು ಎಷ್ಟು ಉದ್ದ ಇದ್ದೀತು ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ನಿಂತು ಹೋದರು. ಖರ್ಜೂರವನ್ನು ಮಾವ ಒಂದೊಂದಾಗಿ ತಿಂದು ಮುಗಿಸಿದರು. ಬೀಜಗಳನ್ನು ಕಿಸೆಗೆ ಹಾಕಿಕೊಳ್ಳುತ್ತಿದ್ದರು, ಆಸ್ಪತ್ರೆಯಲ್ಲಿ ಎಲ್ಲಿ ಬಿಸಾಡುವುದೆಂದು ಅವರಿಗೆ ತಿಳಿದಿರಲಿಲ್ಲ.

ಗುಳ್ಳೆ ನಿಂತ ಮೇಲೆ ನಳಿಗೆ ತೆಗೆದರು. ಬಿಡುಗಡೆಯ ದಿನ ಡಾಕ್ಟರಮ್ಮ ಬಂದು ಕುಳಿತು ಸಮಾಧಾನದಿಂದ ಎಲ್ಲವನ್ನೂ ಹೇಳಿದರು. ಎದೆಯ ಸ್ಕ್ಯಾನ್ ಫೋಟೋದಲ್ಲಿ ನನ್ನ ಬಲ ಶ್ವಾಸಕೋಶದ ಮೇಲ್ಗಡೆ ತೆಳ್ಳಗಾದ ಜಾಗ ಇದೆ, ಒಮ್ಮೆ ಒಡೆದದ್ದು ಇನ್ನೊಮ್ಮೆ ಒಡೆಯಬಹುದು. ಮುಂದಿನ ಸಲ ನೀರಿನಡಿಯೇ ಆದರೆ ಮಣಿಪಾಲದ ತನಕ ಬರಲಿಕ್ಕಿಲ್ಲ ಎಂದರು.

ಮಾವ ಎದ್ದು ನಿಂತು ಕೇಳಿದರು. “ಇವನಿಗೆ ನೀರಿಗೆ ಇಳಿಯಲಿಕ್ಕೆ ಉಂಟಾ ಇಲ್ವಾ ಮೇಡಂ, ಅದೊಂದು ಹೇಳಿ.”

“ಇಲ್ಲ. ಸಿಲಿಂಡರ್ ಹಾಕಿಕೊಂಡು ಇಲ್ಲ. ಉಸಿರು ಕಟ್ಟಿ ಮುಳುಗುವುದೂ ಬೇಡ.”

“ಯಾವಾಗಿನವರೆಗೆ?”

“ಇನ್ನು ಯಾವಾಗಲೂ.” ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ತಿಳಿದುಕೊಳ್ಳಲಿ ಎಂದೇ ಹೇಳಿದ್ದು. “ಬಾಯಿ ತೆರೆದಿದ್ದರೆ ಸಾಕಿತ್ತು. ಗಾಳಿ ತಾನಾಗಿಯೇ ಹೊರಗೆ ಹೋಗುತ್ತಿತ್ತು.”

ಈ ಮಾತನ್ನು ಮಾವ ಕೇಳಿಸಿಕೊಂಡರು. ಬಸ್ಸಿನಲ್ಲಿ ಬರುವಾಗ ಕಿಟಕಿಯ ಬದಿಯಲ್ಲಿ ಕೂತಿದ್ದವರು ಉದ್ಯಾವರದ ಸೇತುವೆ ಬಂದಾಗ ಹೊಳೆಯನ್ನು ನೋಡುತ್ತ, ಅವಳು ಹೇಳಿದ್ದು ಸತ್ಯವಾ ಎಂದು ಮೆಲ್ಲಗೆ ಕೇಳಿದರು. ಸತ್ಯ ಎಂದೆ. ಅಂಡಮಾನಿನಲ್ಲಿಯೂ ಹೇಳಿದ್ದರಾ ಎಂದರು. ಹೇಳಿದ್ದರು ಎಂದೆ. ಹಾಗಾದರೆ ನೀನು ಯಾಕೆ ತೆರೆಯಲಿಲ್ಲ ಎಂದು ಅವರು ಕೇಳಲಿಲ್ಲ.

ಊರಿನಲ್ಲಿ ನಾನು ಯಾರಿಗೂ ಹೇಳಲಿಲ್ಲ. ನ್ಯುಮೋನಿಯಾ ಆಗಿತ್ತು ಎಂದೆ. ಕಂಪೆನಿಯವರಿಗೆ ಮಾತ್ರ ಗೊತ್ತು, ಅವರು ನನ್ನನ್ನು ಬಿಡಲಿಲ್ಲ, ದಡದಲ್ಲಿ ಸಿಲಿಂಡರ್ ತುಂಬಿಸುವ ಕಂಪ್ರೆಸರಿನ ಮೇಲೆ ಹಾಕಿದರು. ಕಡಲಿಗೆ ಯಾಕೆ ಹೋಗುವುದಿಲ್ಲ ಎಂದು ಕೇಳಿದವರಿಗೆ ಈಗ ನನ್ನ ಕೆಳಗೆ ಹುಡುಗರಿದ್ದಾರೆ, ನಾನೇ ಯಾಕೆ ಇಳಿಯಬೇಕು ಎನ್ನುತ್ತಿದ್ದೆ. ಜನ ನಂಬಿದರು. ನನಗೂ ಒಳಗೆ ಒಂದು ನಂಬಿಕೆ ಇತ್ತು. ಡಾಕ್ಟರುಗಳು ಎಲ್ಲರಿಗೂ ಹಾಗೆಯೇ ಹೇಳುತ್ತಾರೆ, ಒಂದು ಮಳೆಗಾಲ ಕಳೆಯಲಿ, ಎದೆ ಗಟ್ಟಿಯಾಗುತ್ತದೆ ಎಂದು. ಬೆಳಿಗ್ಗೆ ಎದ್ದು ದಡದಲ್ಲಿ ಓಡುತ್ತಿದ್ದೆ. ನೀರಿಗಿಳಿಯುವುದು ಬಿಟ್ಟರೆ ನನ್ನ ಬಳಿ ಬೇರೆ ಎಂತ ವಿದ್ಯೆ ಇತ್ತು? ಮೂವತ್ತು ದಾಟಿದ ಮೇಲೆ ಒಂಬತ್ತನೆಯ ತರಗತಿಗೆ ಸೇರಿಸಿಕೊಳ್ಳುತ್ತಾರಾ?

ಆ ಮಳೆಗಾಲ ಕಳೆದ ಮೇಲೆ ಕಾರ್ಕಳದ ಕಡೆಯಿಂದ ಕರೆ ಬಂತು. ಅಜೆಕಾರಿಗೆ ಹೋಗುವ ದಾರಿಯ ಬದಿ ಒಂದು ಹಳೆಯ ಕಲ್ಲಿನ ಕೋರೆ, ಕೆಲಸ ನಿಂತು ನೀರು ತುಂಬಿಕೊಂಡದ್ದು. ಲಾರಿ ತೊಳೆಯುವ ನೀರಿಗೆಂದು ಇಳಿದ ಡ್ರೈವರ್ ಜಾರಿ ಬಿದ್ದಿದ್ದ. ಬೆಂಕಿ ಇಲಾಖೆಯವರು ಪಾತಾಳಗರಡಿ ಹಾಕಿ ಹುಡುಕಿ ಸಾಕಾಗಿದ್ದರು. ಕರೆ ಮಾಡಿದವರು ನನ್ನನ್ನೇ ಕೇಳಿದರು, ಹಿಂದೆ ಒಮ್ಮೆ ನಾನು ಸಿಲಿಂಡರ್ ಹಾಕಿ ಇಳಿದದ್ದನ್ನು ನೋಡಿದವರು. ಬರುತ್ತೇನೆ ಎಂದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳು ಹಿತ್ತಲಿನಿಂದ ಮಾವನ ಮನೆಗೆ ಹೋದಳು. ನಾನು ಟೆಂಪೋಗೆ ಸಿಲಿಂಡರ್ ಹಾಕುವಷ್ಟರಲ್ಲಿ ಮಾವ ಬಂದು ಮುಂದಿನ ಸೀಟಿನಲ್ಲಿ ಕುಳಿತಾಗಿತ್ತು. ಮಡಿಲಲ್ಲಿ ಹಗ್ಗದ ಸುರುಳಿ.

ದಾರಿಯುದ್ದಕ್ಕೂ ಅವರು ಟೆಂಪೋದವನ ಹತ್ತಿರ ಡೀಸೆಲ್ ವಿಷಯ ಮಾತಾಡುತ್ತಿದ್ದರು. 

ಕೋರೆ ಚೌಕವಾಗಿತ್ತು, ಗೋಡೆಗಳು ನೆಟ್ಟಗೆ ಕೊಯ್ದ ಕಲ್ಲು. ನೀರು ಕಪ್ಪು. ಒಂದು ಮೂಲೆಯಲ್ಲಿ ಮಾತ್ರ ಲಾರಿ ಇಳಿಯುತ್ತಿದ್ದ ಇಳಿಜಾರು. ಸುತ್ತ ಜನ ನಿಂತಿದ್ದರು. ಡ್ರೈವರನ ಹೆಂಡತಿ ಒಂದು ಕಲ್ಲಿನ ಮೇಲೆ ಕೂತಿದ್ದಳು, ಪಕ್ಕದಲ್ಲಿ ಅವನ ಚಪ್ಪಲಿ. ನನ್ನನ್ನು ಕಂಡು ಜನ ದಾರಿ ಬಿಟ್ಟರು. ಕಾಪುವಿನವರು ಬಂದರು, ಇನ್ನು ಸಿಗುತ್ತದೆ ಎಂದು ಯಾರೋ ಅವಳಿಗೆ ಹೇಳಿದರು. ನಿಜ ಹೇಳುತ್ತೇನೆ, ಆ ಮಾತು ಕಿವಿಗೆ ಬಿದ್ದಾಗ ನನ್ನ ಎದೆ ಮೊದಲಿನ ಹಾಗೆಯೇ ಆಯಿತು. ಜಾಕೆಟ್ ಹಾಕಿಕೊಂಡೆ, ಸಿಲಿಂಡರ್ ಬಿಗಿದೆ. ಕೊಳವೆ ಬಾಯಿಗಿಟ್ಟು ಎಳೆದರೆ ಗಾಳಿ ಬರಲಿಲ್ಲ. ಮಾವ ಹಿಂದಿನಿಂದ ಬಂದು ಸಿಲಿಂಡರಿನ ತಿರುಪು ತಿರುಗಿಸಿ ಮುಚ್ಚಿದ್ದರು.

“ಇವನಿಗೆ ಆಗುವುದಿಲ್ಲ,” ಎಂದರು, ನನಗಲ್ಲ, ಅಲ್ಲಿ ನಿಂತವರಿಗೆ. “ಇವನ ಎದೆ ಒಡೆದಿದೆ. ನಾನು ಇಳಿಯುತ್ತೇನೆ.”

ಎಲ್ಲರೂ ನನ್ನನ್ನು ನೋಡಿದರು. ಅಷ್ಟು ತಿಂಗಳು ನಾನು ಕಾಪಾಡಿಕೊಂಡದ್ದು ಕಾರ್ಕಳದ ಆ ಜನರ ಎದುರು ಹೋಯಿತು.

“ಮಾವ, ಸುಮ್ಮನಿರಿ. ನಿಮಗೆ ಪ್ರಾಯ ಎಷ್ಟು, ಗೊತ್ತುಂಟಾ?”

“ನನ್ನ ಪ್ರಾಯ ನನಗೆ ಗೊತ್ತುಂಟು ಮಾರಾಯ. ನಿನ್ನ ಬಾಟ್ಲಿಯನ್ನೂ ನಾನು ನೋಡಿದ್ದೇನೆ.” ಅಂಗಿ ಬಿಚ್ಚಿ ಕಲ್ಲಿನ ಮೇಲಿಟ್ಟು ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡರು. ಅದರ ತುದಿಯನ್ನು ನನ್ನ ಕೈಗೆ ಕೊಟ್ಟರು. “ನೀನು ಹಗ್ಗ ಹಿಡಿ.”

ನಾನು ಸಿಲಿಂಡರ್ ಬಿಚ್ಚಿ ಕೆಳಗಿಟ್ಟೆ. ಅವರದ್ದು ಅರುವತ್ತು ದಾಟಿದ ಮೈ. ಬೆನ್ನಿನ ಮೂಳೆ ಒಂದೊಂದೂ ಕಾಣುತ್ತಿತ್ತು. ಸಿಹಿನೀರು ಕಡಲಿನ ಹಾಗೆ ಎತ್ತಿ ಹಿಡಿಯುವುದಿಲ್ಲ, ತಣ್ಣಗೆ ಬೇರೆ. ಮೊದಲ ಸಲ ಇಳಿದು ಖಾಲಿ ಕೈಯಲ್ಲಿ ಬಂದರು, ಕೆಳಗೆ ಒಂದು ಮೆಟ್ಟಿಲು ಉಂಟು, ಅದರ ಕೆಳಗೆ ಇನ್ನೊಂದು ಎಂದರು. ಎರಡನೆಯ ಸಲವೂ ಖಾಲಿ. ಈ ಸಲ ಕಲ್ಲು ಹಿಡಿದು ಬಹಳ ಹೊತ್ತು ಉಸಿರು ತೆಗೆದುಕೊಂಡರು. ಸಾಕು ಮಾವ ಎಂದೆ. ಕಿವಿಯಲ್ಲಿ ನೀರು ತುಂಬಿದವರ ಹಾಗೆ ತಲೆ ಕೊಡವಿ ಮತ್ತೆ ಇಳಿದರು.

ಹಗ್ಗ ಓಡಿತು, ನಿಂತಿತು, ಪಕ್ಕಕ್ಕೆ ಸರಿಯಿತು. ಮತ್ತೆ ನಿಂತಿತು. ನಾನು ನೀರನ್ನೇ ನೋಡುತ್ತಿದ್ದೆ. ಆಗ ಆ ಕಪ್ಪುನೀರಿನ ಮೇಲೆ ಒಂದು ಗುಳ್ಳೆ ಬಂದು ಒಡೆಯಿತು. ಅದರ ಹಿಂದೆ ಎರಡು. ಅದರ ಹಿಂದೆ ಒಂದು ಹಿಡಿ.

ಎಳೆದೆ. ಒಬ್ಬ ಮನುಷ್ಯನ ಭಾರವಲ್ಲ ಅದು. ಪಕ್ಕದಲ್ಲಿದ್ದ ಇಬ್ಬರು ಕೈ ಹಾಕಿದರು. ಬಲ ಎದೆಯೊಳಗೆ ಚುಚ್ಚಿತು, ನಾನು ಬಾಯಿ ತೆರೆದು ಹೋ ಎಂದು ಕೂಗುತ್ತಲೇ ಎಳೆದೆ. ಮಾವನ ತಲೆ ಮೇಲೆ ಬಂತು, ಮುಖ ಬೂದಿಯ ಬಣ್ಣ. ಎಡಗೈ ಡ್ರೈವರನ ಬೆಲ್ಟಿನೊಳಗೆ ಸಿಕ್ಕಿಕೊಂಡಿತ್ತು. ಇಬ್ಬರನ್ನೂ ಇಳಿಜಾರಿನ ಮೇಲೆ ಎಳೆದು ಹಾಕಿದೆವು. ಬೆಲ್ಟಿನಿಂದ ಆ ಬೆರಳುಗಳನ್ನು ನಾನು ಒಂದೊಂದಾಗಿ ಬಿಡಿಸಬೇಕಾಯಿತು. ಡ್ರೈವರನನ್ನು ಎತ್ತಿಕೊಂಡು ಹೋದರು, ಅವನ ಹೆಂಡತಿಯ ದನಿ ಕೇಳಿಸಿತು. ಮಾವ ಮಗ್ಗುಲಾಗಿ ಮಲಗಿ ನೀರು ಕಾರಿದರು. ಕಿವಿಯಿಂದ ರಕ್ತ ಬರುತ್ತಿತ್ತು. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದರು.

“ಗುಳ್ಳೆ ಬಂತಾ?”

“ಇಲ್ಲ ಮಾವ.”

“ಸುಳ್ಳು ಹೇಳಬೇಡ. ಬಾರದೆ ನೀನು ಎಳೆಯುತ್ತಿರಲಿಲ್ಲ.”

ನಾನು ಅವರ ತಲೆ ಒರೆಸಿದೆ. ಕೈಗೆ ಸಿಕ್ಕಿದ್ದು ನನ್ನ ಅಂಗಿ.

“ಹಾಗಾದರೆ ಮುಗಿಯಿತು,” ಎಂದರು.

ಡ್ರೈವರನ ಕಡೆಯವರು ಬೊಂಡ ತಂದುಕೊಟ್ಟರು, ಹೊಸ ಬೈರಾಸ ಕೊಟ್ಟರು. ಮಾವ ಅದನ್ನು ತೆಗೆದುಕೊಂಡು ನನ್ನ ಹೆಗಲಿಗೆ ಹಾಕಿದರು. ನಾವು ಹಿಂದೆ ತಿರುಗದೆ ಟೆಂಪೋ ಹತ್ತಿದೆವು.

ಎಡಗಿವಿ ಅವರಿಗೆ ಮತ್ತೆ ಕೇಳಿಸಲಿಲ್ಲ. ನಡೆಯುವಾಗ ಒಂದು ಬದಿಗೆ ವಾಲುತ್ತಾರೆ. ಪಾದೆಗೆ ಹೋಗಲಿಲ್ಲ, ಹೋಗುತ್ತೇನೆಂದು ಹೇಳಲೂ ಇಲ್ಲ. ಅದರ ನಂತರದ ಒಂದು ಕರೆ ಕಾರ್ಕಳದ ಆಚೆಯಿಂದ ಬಂತು. ಇಲ್ಲ, ನಮ್ಮಲ್ಲಿ ಈಗ ಇಳಿಯುವವರು ಯಾರೂ ಇಲ್ಲ ಎಂದು ನಾನೇ ಹೇಳಿದೆ. ಹೇಳಿ ಫೋನ್ ಇಟ್ಟ ಮೇಲೆ ಅಂಗಳದಲ್ಲಿ ಕೂತೆ. ನಮ್ಮ ಮನೆಯಿಂದ ಆ ಮಾತು ಅದಕ್ಕೆ ಮೊದಲು ಹೋಗಿರಲಿಲ್ಲ.

ಸಂಜೆ ಮಾವ ಕಂಪ್ರೆಸರಿನ ಶೆಡ್ಡಿಗೆ ಬರುತ್ತಾರೆ. ಕೇಳುವ ಕಿವಿಯನ್ನು ಯಂತ್ರದ ಕಡೆ ಮಾಡಿಕೊಂಡು ಕೂರುತ್ತಾರೆ. ನಾನು ಮರುದಿನ ಇಳಿಯುವವರಿಗೆ ಗಾಳಿ ತುಂಬಿಸುತ್ತೇನೆ. ಈಗ ಬರುವ ಹೊಸ ಮಾಸ್ಟ್ರುಗಳಲ್ಲಿ ಪಚ್ಚಿಲೆಯಿಂದ ಬಂದವರು ಯಾರೂ ಇಲ್ಲ. ಉಸಿರು ಹಿಡಿಯಬೇಡಿ ಎಂದು ಅವರಿಗೂ ಹೇಳಲು ಹೋಗುತ್ತೇನೆ, ನಮಗೆ ಗೊತ್ತುಂಟು ಅಣ್ಣ ಎನ್ನುತ್ತಾರೆ. ಅವರಿಗೆ ನಿಜವಾಗಿಯೂ ಗೊತ್ತಿದೆ, ಮರೆಯಬೇಕಾದದ್ದು ಅವರಲ್ಲಿ ಏನೂ ಇಲ್ಲ.

ಈಗ ನನ್ನ ಬಳಿ ಇರುವುದು ಇಷ್ಟು: ಹೆಂಚಿನ ಮನೆ ಒಂದು. ಹೆಂಡತಿ, ಒಬ್ಬಳು ಮಗಳು. ಅಂಡಮಾನಿನ ಸರ್ಟಿಫಿಕೇಟು ಒಂದು. ಮಾಸ್ಕ್ ಒಂದು, ಬಳಸುವುದಿಲ್ಲ. ಉಳಿ ಎರಡು, ಒಂದು ಮಾವನದು. ಬೈರಾಸ ಹನ್ನೊಂದು, ಒಂದನ್ನೂ ಒದ್ದೆ ಮಾಡಿಲ್ಲ. ಹಗ್ಗ ಒಂದು. ಮಾವ ಇದ್ದಾರೆ.